ಅಮೆರಿಕದ ಕಲೆಯಲ್ಲಿ ಯಾರ ಅಮೆರಿಕ ಕಾಣುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಚಿತ್ರ, ಶಿಲ್ಪ, ಕುಶಲ ಕಲೆಗಳ ಬಗ್ಗೆ ಕೆಲವು ವರ್ಷಗಳಿಂದ ಬರೆಯುತ್ತಾ, ಅಲ್ಲಲ್ಲಿ ಮಾತನಾಡುತ್ತಾ ಬಂದಿದ್ದೇನೆ. ಮಾತು ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತಾಗಲೂ, ಆಮೇಲೆ ಬರುವ ಪತ್ರಗಳಲ್ಲೂ ಸುತ್ತಿ ಸುತ್ತಿ ಬರುವ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳಲ್ಲಿ ನನ್ನದೊಂದು ಒಲವು ಕಾಣುತ್ತದೆ: ಒಂದು ಕೃತಿಯ ಮುಂದೆ ನಿಂತರೆ, ಇದನ್ನು ಯಾವ ವಸ್ತುವಿನಿಂದ ಮಾಡಿದ್ದಾರೆ, ಆ ವಸ್ತು ಇವರ ಕೈಗೆ ಹೇಗೆ ಬಂತು ಎಂದೇ ನಾನು ಮೊದಲು ಕೇಳಿಕೊಳ್ಳುವುದು. ಅಮೆರಿಕದ ಮಟ್ಟಿಗೆ ಆ ಒಂದು ಪ್ರಶ್ನೆ ಬಹಳ ದೂರ ಕರೆದೊಯ್ಯುತ್ತದೆ.

## ಮೊದಲ ಮೆಟ್ಟಿಲು

ಇನ್ನೂರೈವತ್ತು ವರ್ಷದ ದೇಶ. ಅದಕ್ಕೆ ತನ್ನದೇ ಆದ ಕಲೆ ಎಂಬುದು ಇದೆಯೇ?

ಇದೆ, ಮತ್ತು ಅದು ದೇಶಕ್ಕಿಂತ ಬಹಳ ಹಳೆಯದು. ನಮ್ಮಲ್ಲಿ ಕಲ್ಯಾಣದ ಚಾಲುಕ್ಯರು ಆಳುತ್ತಿದ್ದ ಕಾಲಕ್ಕೆ, ಈಗಿನ ನ್ಯೂ ಮೆಕ್ಸಿಕೊದ ಮಿಂಬ್ರೆಸ್ ಕಣಿವೆಯ ಜನರು ಬಿಳಿ ಬಟ್ಟಲುಗಳ ಒಳಮೈಗೆ ಕಪ್ಪು ಬಣ್ಣದಲ್ಲಿ ಮೊಲ, ಮೀನು, ಮಿಡತೆಗಳನ್ನು ಬರೆಯುತ್ತಿದ್ದರು. ಯಾರಾದರೂ ಸತ್ತರೆ ಅಂಥ ಬಟ್ಟಲಿನ ತಳಕ್ಕೆ ತೂತು ಮಾಡಿ, ಅದನ್ನು ಮುಖದ ಮೇಲೆ ಕವುಚಿ ಹೂಳುತ್ತಿದ್ದರು. ಅಮೆರಿಕದ ಕಲೆಯ ಕಥೆಯನ್ನು 1776ರಿಂದ ಶುರು ಮಾಡುವವರು ಈ ಬಟ್ಟಲುಗಳನ್ನು ಹೊರಗಿಟ್ಟಂತೆ.

ಇನ್ನು 'ಅಪ್ಪಟ ಅಮೆರಿಕನ್' ಎನಿಸಿಕೊಂಡ ಚಿತ್ರಗಳನ್ನೇ ನೋಡಿ. ಜಾರ್ಜ್ ವಾಷಿಂಗ್ಟನ್ ಮಂಜುಗಡ್ಡೆಯ ನಡುವೆ ಡೆಲವೇರ್ ನದಿ ದಾಟುವ ಚಿತ್ರ ಆ ದೇಶದ ಶಾಲಾ ಮಕ್ಕಳಿಗೆಲ್ಲ ಗೊತ್ತು. 1851ರಲ್ಲಿ ಅದನ್ನು ಬರೆದವನು ಜರ್ಮನಿಯಲ್ಲಿ ಹುಟ್ಟಿದ ಇಮ್ಯಾನುಯೆಲ್ ಲಾಯ್ಟ್ಸೆ. ಬರೆದದ್ದೂ ಜರ್ಮನಿಯ ಡ್ಯೂಸೆಲ್‌ಡಾರ್ಫ್‌ನಲ್ಲಿ. ಹಡ್ಸನ್ ನದಿಯ ನಿಸರ್ಗ ಚಿತ್ರಗಳಿಗೆ ಮೊದಲಿಟ್ಟ ಥಾಮಸ್ ಕೋಲ್ ಇಂಗ್ಲೆಂಡಿನವನು. ಬಂದವರು, ಇದ್ದವರು, ಎಳೆದು ತರಲ್ಪಟ್ಟವರು ಸೇರಿ ಮಾಡಿದ ಕಲೆ ಅದು.

ವೈವಿಧ್ಯ ಎಂದರೆ ಚಿತ್ರದೊಳಗೆ ಬೇರೆ ಬೇರೆ ಬಣ್ಣದ ಜನರು ಇರಬೇಕು ಎಂದೇ?

ಅದಷ್ಟೇ ಆಗಿದ್ದರೆ ಲೆಕ್ಕ ಸುಲಭವಿತ್ತು. ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗ್ರಾಂಟ್ ವುಡ್ 1930ರಲ್ಲಿ ಬರೆದ 'ಅಮೆರಿಕನ್ ಗಾಥಿಕ್': ಕವೆಗೋಲು ಹಿಡಿದ ರೈತ, ಪಕ್ಕದಲ್ಲಿ ಹೆಂಗಸು, ಹಿಂದೆ ಚೂಪು ಕಮಾನಿನ ಕಿಟಕಿಯ ಬಿಳಿ ಮನೆ. ನಿಂತವರು ರೈತರೇನಲ್ಲ; ಒಬ್ಬಾಕೆ ವುಡ್‌ನ ತಂಗಿ, ಇನ್ನೊಬ್ಬ ಅವನ ದಂತವೈದ್ಯ. ಆದರೂ 'ಇದೇ ಅಮೆರಿಕ' ಎಂದು ಜನ ಒಪ್ಪಿಕೊಂಡರು.

ಹನ್ನೆರಡು ವರ್ಷದ ಬಳಿಕ ಗಾರ್ಡನ್ ಪಾರ್ಕ್ಸ್ ಎಂಬ ಕಪ್ಪು ಛಾಯಾಗ್ರಾಹಕ ಸರ್ಕಾರಿ ಯೋಜನೆಯೊಂದರಲ್ಲಿ ಕೆಲಸಕ್ಕೆಂದು ವಾಷಿಂಗ್ಟನ್ನಿಗೆ ಬಂದ. ಊರಿನ ಹೋಟೆಲು, ಚಿತ್ರಮಂದಿರಗಳು ಅವನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದವು. ಸರ್ಕಾರಿ ಕಟ್ಟಡದಲ್ಲಿ ರಾತ್ರಿ ನೆಲ ಒರೆಸುತ್ತಿದ್ದ ಎಲ್ಲಾ ವಾಟ್ಸನ್ ಎಂಬಾಕೆಯನ್ನು ಅವನು ದೊಡ್ಡ ರಾಷ್ಟ್ರಧ್ವಜದ ಮುಂದೆ ನಿಲ್ಲಿಸಿದ. ಒಂದು ಕಡೆ ಪೊರಕೆ, ಇನ್ನೊಂದು ಕಡೆ ನೆಲ ಒರೆಸುವ ಕೋಲು. ಆ ಛಾಯಾಚಿತ್ರ ಇಂದು ಪ್ರಸಿದ್ಧವಾಗಿರುವುದೂ 'ಅಮೆರಿಕನ್ ಗಾಥಿಕ್' ಎಂಬ ಹೆಸರಿನಿಂದಲೇ. ಕವೆಗೋಲಿನ ಜಾಗಕ್ಕೆ ಪೊರಕೆ ಬಂದಾಗ ಮೊದಲ ಚಿತ್ರವೂ ಬೇರೆಯಾಗಿ ಕಾಣತೊಡಗುತ್ತದೆ. ಒಂದು ಸಮುದಾಯ ಇನ್ನೊಂದರ ಚಿತ್ರಕ್ಕೆ ಹೀಗೆ ಎದುರುತ್ತರ ಕೊಡುವುದೇ ನನ್ನ ಮಟ್ಟಿಗೆ ವೈವಿಧ್ಯದ ನಿಜವಾದ ಗುರುತು.

ಏನೂ ಗೊತ್ತಿಲ್ಲದವರು ಯಾವ ಒಂದು ಕೃತಿಯಿಂದ ಶುರು ಮಾಡಬೇಕು?

ಜೇಕಬ್ ಲಾರೆನ್ಸ್ ಬರೆದ ವಲಸೆಯ ಚಿತ್ರಮಾಲೆಯಿಂದ. ಇದರಲ್ಲಿ ನನಗೆ ಎರಡನೇ ಯೋಚನೆಯೇ ಇಲ್ಲ.

1910ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣದ ರಾಜ್ಯಗಳನ್ನು ಬಿಟ್ಟು ಉತ್ತರ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ಹತ್ತಿ ಬೆಳೆಗೆ ಹುಳು ಬಿದ್ದಿತ್ತು, ಕೂಲಿ ಹೊಟ್ಟೆಗೆ ಸಾಲುತ್ತಿರಲಿಲ್ಲ, ಗುಂಪು ಕಟ್ಟಿಕೊಂಡು ಬಂದು ಮರಕ್ಕೆ ನೇತುಹಾಕುವವರ ಭಯ ಬೇರೆ. 'ಗುಳೆ' ಎಂಬ ಪದ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲಾರೆನ್ಸ್‌ನ ತಂದೆ ತಾಯಿಯೂ ಹಾಗೆ ಬಂದವರೇ. ಅವನು ನ್ಯೂಯಾರ್ಕಿನ ಕಪ್ಪು ಜನರ ಬಡಾವಣೆ ಹಾರ್ಲೆಮ್‌ನ 135ನೇ ಬೀದಿಯ ಗ್ರಂಥಾಲಯದಲ್ಲಿ ಕುಳಿತು ಈ ಚರಿತ್ರೆಯನ್ನು ಓದಿ, ಮೊದಲು ಪ್ರತಿ ಚಿತ್ರದ ಅಡಿಬರಹ ಬರೆದುಕೊಂಡ. ಆಮೇಲೆ 1940–41ರಲ್ಲಿ 60 ಹಲಗೆಗಳ ಮೇಲೆ ಚಿತ್ರಿಸಿದ. ಆಗ ಅವನಿಗೆ 23 ವರ್ಷ. ಹಲಗೆಗಳಿಗೆ ಬಿಳಿ ಹಚ್ಚಿ ಸಿದ್ಧಪಡಿಸಲು ನೆರವಾದವಳು ಕಲಾವಿದೆ ಗ್ವೆಂಡೊಲಿನ್ ನೈಟ್. ಮುಂದೆ ಅವನ ಹೆಂಡತಿಯಾದಳು.

ಪ್ರತಿ ಹಲಗೆ 12 ಇಂಚು ಅಗಲ, 18 ಇಂಚು ಉದ್ದ, ಅಷ್ಟೇ. ಬಣ್ಣ ಹಾಲಿನ ಪ್ರೋಟೀನಿನಿಂದ ಮಾಡುವ ಅಗ್ಗದ ಕೇಸಿನ್. ಅವನು ಒಂದು ಚಿತ್ರ ಮುಗಿಸಿ ಮುಂದಿನದಕ್ಕೆ ಹೋಗಲಿಲ್ಲ. ಅರವತ್ತನ್ನೂ ಹರಡಿಕೊಂಡು, ಒಂದು ಬಣ್ಣ ಎಲ್ಲೆಲ್ಲಿ ಬರಬೇಕೋ ಅಲ್ಲೆಲ್ಲ ಹಚ್ಚಿ, ನಂತರ ಮುಂದಿನ ಬಣ್ಣ ತೆಗೆಯುತ್ತಿದ್ದ. ಹಾಗಾಗಿ ಮೊದಲ ಹಲಗೆಯ ಹಸಿರೇ ಐವತ್ತನೆಯದರಲ್ಲೂ ಸಿಗುತ್ತದೆ, ಇಡೀ ಮಾಲೆ ಒಂದೇ ಉಸಿರಿನದಾಗುತ್ತದೆ. ಮೊದಲ ಚಿತ್ರದಲ್ಲಿ ರೈಲು ನಿಲ್ದಾಣದ ಮೂರು ಬಾಗಿಲುಗಳತ್ತ ಜನ ನುಗ್ಗುತ್ತಿದ್ದಾರೆ: ಷಿಕಾಗೊ, ನ್ಯೂಯಾರ್ಕ್, ಸೇಂಟ್ ಲೂಯಿಸ್. ಹದಿನೈದನೆಯದು ಹತ್ಯೆಗಳ ಬಗ್ಗೆ. ಅದರಲ್ಲಿ ಹೆಣವಿಲ್ಲ. ಒಂದು ಬೋಳು ಕೊಂಬೆ, ಖಾಲಿ ಕುಣಿಕೆ, ಬಂಡೆಯಂತೆ ಮುದುಡಿ ಕುಳಿತ ಒಂದು ಜೀವ. ನಾನು ಈ ಚಿತ್ರವನ್ನು ಪರದೆಯ ಮೇಲೆ ತೋರಿಸಿದಾಗ ಸಭೆ ತಾನಾಗಿ ಸುಮ್ಮನಾಗುತ್ತದೆ.

ಬೆಸ ಸಂಖ್ಯೆಯ ಚಿತ್ರಗಳು ವಾಷಿಂಗ್ಟನ್ನಿನ ಫಿಲಿಪ್ಸ್ ಸಂಗ್ರಹಾಲಯದಲ್ಲಿವೆ, ಸಮ ಸಂಖ್ಯೆಯವು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. ವಲಸೆಯ ಕಥೆ ಎರಡು ಊರುಗಳಿಗೆ ಹಂಚಿಹೋಗಿದೆ.

ಕೌದಿಯನ್ನು ಮ್ಯೂಸಿಯಂ ಗೋಡೆಗೆ ತೂಗಿಬಿಟ್ಟರೆ ಕಲೆಯಾಗಿಬಿಡುತ್ತದೆಯೇ? ನಮ್ಮಜ್ಜಿಯೂ ಹೊಲಿಯುತ್ತಿದ್ದಳು.

ನಿಮ್ಮಜ್ಜಿಯ ಕೌದಿ ಗೋಡೆಗೆ ಏರುವ ಮೊದಲೂ ಕಲೆಯೇ ಆಗಿತ್ತು ಎಂಬುದು ನನ್ನ ಉತ್ತರ.

ಅಲಬಾಮ ನದಿ ಮೂರು ಕಡೆಯಿಂದ ಸುತ್ತುವರಿದ ಜೀಸ್ ಬೆಂಡ್ ಎಂಬ ಪುಟ್ಟ ಊರಿದೆ. ಹತ್ತಿ ತೋಟದ ಗುಲಾಮರ ವಂಶಸ್ಥರು ಅಲ್ಲಿಯೇ ಉಳಿದುಕೊಂಡರು. ತೋಟದ ಒಡೆಯನ ಪೆಟ್‌ವೇ ಎಂಬ ಹೆಸರೇ ಇಂದಿಗೂ ಎಷ್ಟೋ ಮನೆಗಳ ಮನೆತನದ ಹೆಸರು. ಅಲ್ಲಿನ ಹೆಂಗಸರು ಹರಿದ ಕೆಲಸದ ಬಟ್ಟೆ, ಹಿಟ್ಟಿನ ಚೀಲಗಳನ್ನು ಕೂಡಿಸಿ ಹೊದಿಕೆ ಹೊಲಿದರು, ಚಳಿಗೆ. 1942ರಲ್ಲಿ ಮಿಸ್ಸೌರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಹೊಲದ ಬಟ್ಟೆಗಳಿಂದ ಒಂದು ಕೌದಿ ಹೊಲಿದಳು, ಅವನ ನೆನಪನ್ನು ಹೊದ್ದು ಮಲಗಲೆಂದು. ಬಿಸಿಲಿಗೆ ಮಾಸಿದ ನೀಲಿಯ ನಡುವೆ ಕೆಲವು ಕಡೆ ಬಣ್ಣ ಗಾಢವಾಗಿಯೇ ಉಳಿದಿದೆ: ಅವು ಜೇಬು ಬಿಚ್ಚಿದ ಜಾಗಗಳು.

1962ರಲ್ಲಿ, ಊರಿನವರು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಆಚೆ ದಡದ ಕ್ಯಾಮ್ಡನ್‌ಗೆ ಹೋಗತೊಡಗಿದಾಗ, ನದಿ ದಾಟುವ ದೋಣಿಯ ಸೇವೆ ನಿಂತುಹೋಯಿತು. ಮತ್ತೆ ಶುರುವಾದದ್ದು 2006ರಲ್ಲಿ. ಅಷ್ಟರಲ್ಲಿ ಕೌದಿಗಳು 2002ರಲ್ಲೇ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ, ಅಲ್ಲಿಂದ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯಕ್ಕೆ ತಲುಪಿದ್ದವು. ಊರಿನವರಿಗೆ ದೋಣಿ ಸಿಗುವ ಮೊದಲು ಕೌದಿಗೆ ದಾರಿ ಸಿಕ್ಕಿತು. ಇದು ನನ್ನನ್ನು ಇಂದಿಗೂ ಕಾಡುವ ಸಂಗತಿ.

ಇಲ್ಲಿ ಕರ್ನಾಟಕದ ಒಂದು ಎಳೆಯೂ ಇದೆ. ಆಫ್ರಿಕಾ ಮೂಲದ ಸಿದ್ದಿಯರು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಹೊಲಿಯುವ ಕೌದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರರು ಜೀಸ್ ಬೆಂಡ್ ಕೌದಿಗಳ ಜೊತೆಗಿಟ್ಟು ಅಧ್ಯಯನ ಮಾಡಿದ್ದಾರೆ. 2011ರಲ್ಲಿ ಅವುಗಳ ಪ್ರದರ್ಶನ ನಡೆದದ್ದು ಹಾರ್ಲೆಮ್‌ನ ಶಾಂಬರ್ಗ್ ಕೇಂದ್ರದಲ್ಲಿ, ಅಂದರೆ ಲಾರೆನ್ಸ್ ಕುಳಿತು ಓದಿದ ಅದೇ 135ನೇ ಬೀದಿಯ ಗ್ರಂಥಾಲಯದ ಇಂದಿನ ರೂಪದಲ್ಲಿ. ಸಿದ್ದಿ ಹೆಂಗಸರು ಅಂಚಿನಿಂದ ನಡುವಿಗೆ ಹೊಲಿಯುತ್ತಾ ಹೋಗುತ್ತಾರೆ. ಕೊನೆಗೆ ಮೂಲೆಗಳಿಗೆ 'ಫೂಲ' ಎಂಬ ಮಡಿಸಿದ ತುಂಡುಗಳನ್ನು ಕೂರಿಸುತ್ತಾರೆ. ಫೂಲವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ.

## ಸ್ವಲ್ಪ ಒಳಗೆ

ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಕಲ್ಲು ನಮ್ಮ ಬೆಂಗಳೂರಿನದಂತೆ. ನಿಜವೇ?

ನಿಜ. ಆ ಕಪ್ಪು ಗ್ರಾನೈಟ್ ಬೆಂಗಳೂರಿನಿಂದ ಹೋದದ್ದು. ವರ್ಮಾಂಟ್ ರಾಜ್ಯದ ಬ್ಯಾರೆಯಲ್ಲಿ ಅದನ್ನು ಕತ್ತರಿಸಿ ನುಣುಪು ಮಾಡಿದರು, ಟೆನೆಸ್ಸಿಯ ಮೆಂಫಿಸ್‌ನಲ್ಲಿ ಹೆಸರುಗಳನ್ನು ಕೊರೆದರು. ಈ ಕಲ್ಲನ್ನೇ ಆರಿಸಿದ್ದು ಅದು ಕನ್ನಡಿಯಂತೆ ಹೊಳೆಯುತ್ತದೆ ಎಂಬ ಕಾರಣಕ್ಕೆ.

1981ರ ಸ್ಪರ್ಧೆಗೆ 1,421 ವಿನ್ಯಾಸಗಳು ಬಂದಿದ್ದವು. ತೀರ್ಪುಗಾರರ ಮುಂದೆ ಹೆಸರುಗಳಿರಲಿಲ್ಲ, ಸಂಖ್ಯೆಗಳಷ್ಟೇ ಇದ್ದವು. ಗೆದ್ದದ್ದು 1026ನೇ ಸಂಖ್ಯೆ. ಕಳಿಸಿದವಳು ಯೇಲ್‌ನಲ್ಲಿ ಇನ್ನೂ ಓದುತ್ತಿದ್ದ 21ರ ಹುಡುಗಿ ಮಾಯಾ ಲಿನ್, ಚೀನಾದಿಂದ ಬಂದ ದಂಪತಿಯ ಮಗಳು, ಓಹಾಯೊದಲ್ಲಿ ಹುಟ್ಟಿದವಳು. ಹೆಸರು ಹೊರಬಿದ್ದ ಮೇಲೆ ಗಲಾಟೆ ಎದ್ದಿತು. ಏಷ್ಯಾದ ಯುದ್ಧದ ಸ್ಮಾರಕವನ್ನು ಏಷ್ಯಾ ಮುಖದವಳು ಮಾಡುವುದೇ ಎಂಬ ಅಸಹನೆ ಒಂದು ಕಡೆ. ವೀರರ ಪ್ರತಿಮೆಯಿಲ್ಲ, ಬಿಳಿ ಅಮೃತಶಿಲೆಯಿಲ್ಲ, ಕಪ್ಪು ಎಂದರೆ ಅವಮಾನ ಎಂಬ ಕೂಗು ಇನ್ನೊಂದು ಕಡೆ. ಕಪ್ಪು ಬಣ್ಣ ಅವಮಾನದ್ದೆಂಬ ಮಾತಿಗೆ ಕಪ್ಪು ಜನಾಂಗದ ಸೇನಾಧಿಕಾರಿಯೊಬ್ಬರು ತುಂಬಿದ ಸಭೆಯಲ್ಲೇ ತಿರುಗೇಟು ಕೊಟ್ಟರು. ಕೊನೆಗೆ ರಾಜಿಯಾಗಿ ಮೂವರು ಸೈನಿಕರ ಕಂಚಿನ ಪ್ರತಿಮೆಯೊಂದನ್ನು 1984ರಲ್ಲಿ ಸ್ವಲ್ಪ ದೂರದಲ್ಲಿ ನಿಲ್ಲಿಸಿದರು.

ಗೋಡೆಯ ಎರಡು ತೋಳುಗಳು, ತಲಾ ಸುಮಾರು 75 ಮೀಟರ್. ನಡೆಯುತ್ತಾ ಹೋದಂತೆ ದಾರಿ ಇಳಿಯುತ್ತದೆ, ಪಾದದ ಮಟ್ಟದಲ್ಲಿದ್ದ ಕಲ್ಲು ತಲೆಗಿಂತ ಮೇಲಕ್ಕೇರುತ್ತದೆ. 58,000ಕ್ಕೂ ಹೆಚ್ಚು ಹೆಸರುಗಳು. ಅಕ್ಷರಾನುಕ್ರಮವಿಲ್ಲ, ಹುದ್ದೆಯಿಲ್ಲ, ಸತ್ತ ದಿನಾಂಕದ ಕ್ರಮವಷ್ಟೇ. ಮೊದಲ ಸಾವೂ ಕೊನೆಯ ಸಾವೂ ನಡುವಿನ ಮೂಲೆಯಲ್ಲಿ ಒಂದನ್ನೊಂದು ಮುಟ್ಟುತ್ತವೆ. ಹೆಸರು ಹುಡುಕುವವರಿಗೆ ಅಕ್ಷರಗಳ ಹಿಂದೆ ತಮ್ಮದೇ ಮುಖ ಕಾಣುತ್ತದೆ. ಆ ಕೆಲಸ ಮಾಡುತ್ತಿರುವುದು ನಮ್ಮ ಕಲ್ಲು.

ಮೂಲನಿವಾಸಿಗಳ ಕಲೆ ಎಂದರೆ ಗರಿ, ಮಣಿ, ಮಡಕೆ. ಅದರಲ್ಲಿ ಸಮಾಜದ ಮಾತು ಎಲ್ಲಿದೆ?

ಲೆಕ್ಕದ ಪುಸ್ತಕದ ಹಾಳೆಗಳಲ್ಲಿದೆ. ಅಮೆರಿಕದ ಬಯಲು ಸೀಮೆಯ ಷಯೆನ್, ಕಯೋವಾ ಮೊದಲಾದ ಬುಡಕಟ್ಟಿನವರು ತಮ್ಮ ಯುದ್ಧ, ಬೇಟೆಗಳನ್ನು ಕಾಡೆಮ್ಮೆಯ ಚರ್ಮದ ಮೇಲೆ ಬರೆಯುತ್ತಿದ್ದರು. ಬಿಳಿಯರು ಕಾಡೆಮ್ಮೆಗಳನ್ನು ಲಕ್ಷಗಟ್ಟಲೆ ಕೊಂದು ಮುಗಿಸಿದ ಮೇಲೆ ಚರ್ಮ ಎಲ್ಲಿಂದ ಬರಬೇಕು? ವ್ಯಾಪಾರಿಗಳ, ಸೈನ್ಯದ ಖಾತೆ ಪುಸ್ತಕಗಳು ಕೈಗೆ ಸಿಕ್ಕವು. 1875ರಲ್ಲಿ 72 ಮಂದಿಯನ್ನು ಸೆರೆಹಿಡಿದು ಫ್ಲಾರಿಡಾದ ಮೇರಿಯನ್ ಕೋಟೆಯಲ್ಲಿಟ್ಟರು. ಮೂರು ವರ್ಷ ಅವರಲ್ಲಿ ಹಲವರು ಅಲ್ಲಿ ಚಿತ್ರ ಬರೆದರು: ಬಿಟ್ಟುಬಂದ ಕುದುರೆಗಳು, ಪ್ರಣಯ, ಹಬ್ಬ, ತಮ್ಮನ್ನು ಹೊತ್ತು ತಂದ ರೈಲು. ಈ ಬಗೆಯ ಚಿತ್ರಗಳಲ್ಲಿ ಕೆಲವೆಡೆ ಅಂಗಡಿಯ ಜಮಾಖರ್ಚಿನ ಸಾಲುಗಳ ಮೇಲೆಯೇ ನೀಲಿ ಕುದುರೆ ಓಡುತ್ತದೆ. ಗೆದ್ದವರ ಲೆಕ್ಕದ ಮೇಲೆ ಸೋತವರು ತಮ್ಮ ಚರಿತ್ರೆಯನ್ನು ಬರೆದಿಟ್ಟರು.

ವಾಷಿಂಗ್ಟನ್ನಿನ ರಾಷ್ಟ್ರೀಯ ಕಲಾ ಗ್ಯಾಲರಿ ಒಬ್ಬ ಮೂಲನಿವಾಸಿ ಕಲಾವಿದರ ವರ್ಣಚಿತ್ರವನ್ನು ಮೊದಲ ಬಾರಿ ಕೊಂಡದ್ದು 2020ರಲ್ಲಿ, ಜಾನ್ ಕ್ವಿಕ್-ಟು-ಸೀ ಸ್ಮಿತ್ ಅವರದು. ವರ್ಷವನ್ನು ಇನ್ನೊಮ್ಮೆ ಓದಿಕೊಳ್ಳಿ.

ಮೆಕ್ಸಿಕನ್ ಮೂಲದವರು ಗೋಡೆಗಳನ್ನೇ ಏಕೆ ಹಿಡಿದರು?

ಗೋಡೆಗೆ ಟಿಕೆಟ್ ಇಲ್ಲ. ಮೆಕ್ಸಿಕೊದ ಕ್ರಾಂತಿಯ ನಂತರ ಅಲ್ಲಿ ಬೆಳೆದ ಭಿತ್ತಿಚಿತ್ರದ ಪರಂಪರೆ ಗಡಿ ದಾಟಿ ಬಂತು, ಬಂದಲ್ಲೆಲ್ಲ ಜಗಳವನ್ನೂ ತಂದಿತು. 1932ರಲ್ಲಿ ಮೆಕ್ಸಿಕೊದ ಚಿತ್ರಕಾರ ಸಿಕೇರೋಸ್ ಲಾಸ್ ಏಂಜಲೀಸ್‌ನಲ್ಲಿ, ಶಿಲುಬೆಗೇರಿಸಿದ ಮೂಲನಿವಾಸಿಯೊಬ್ಬನ ತಲೆಯ ಮೇಲೆ ಅಮೆರಿಕದ ಹದ್ದು ಕೂತಂತೆ ಬರೆದರು. ಕೆಲವೇ ವರ್ಷಗಳಲ್ಲಿ ಅದಕ್ಕೆ ಸುಣ್ಣ ಬಳಿಯಲಾಯಿತು. ಅದೇ ದೇಶದ ಡಿಯೇಗೊ ರಿವೆರಾ ಡೆಟ್ರಾಯಿಟ್‌ನಲ್ಲಿ 27 ಫಲಕಗಳಲ್ಲಿ ಕಾರು ಕಾರ್ಖಾನೆಯ ಕಾರ್ಮಿಕರನ್ನು ಬರೆದದ್ದು ಉಳಿಯಿತು. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರ್‌ನಲ್ಲಿ ಲೆನಿನ್ ಮುಖ ಅಳಿಸಲು ಒಪ್ಪದೆ ಬಿಟ್ಟದ್ದನ್ನು 1934ರಲ್ಲಿ ಒಡೆದುಹಾಕಿದರು.

ಮುಂದಿನ ಪೀಳಿಗೆಯ ಜೂಡಿ ಬಾಕಾ ಲಾಸ್ ಏಂಜಲೀಸ್‌ನ ಪ್ರವಾಹ ಕಾಲುವೆಯ ಕಾಂಕ್ರೀಟ್ ಗೋಡೆಯನ್ನೇ ಆರಿಸಿಕೊಂಡರು. 400ಕ್ಕೂ ಹೆಚ್ಚು ಹುಡುಗ ಹುಡುಗಿಯರು, ಅವರಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದವರೂ ಇದ್ದರು, 1976ರಿಂದ ಹಲವು ಬೇಸಿಗೆಗಳಲ್ಲಿ ಅಲ್ಲಿಳಿದು ಕೆಲಸ ಮಾಡಿದರು. ಸುಮಾರು 840 ಮೀಟರ್ ಉದ್ದಕ್ಕೆ ಕ್ಯಾಲಿಫೋರ್ನಿಯಾದ ಚರಿತ್ರೆ ಹರಿಯುತ್ತದೆ: ರೈಲಿಗೆ ತುಂಬಿ ಗಡಿಯಾಚೆ ಕಳಿಸಿದ ಮೆಕ್ಸಿಕನ್ ಕುಟುಂಬಗಳು, ಕ್ರೀಡಾಂಗಣ ಎದ್ದ ಜಾಗದಿಂದ ಒಕ್ಕಲೆಬ್ಬಿಸಿದ ಮನೆಗಳು.

ಜಪಾನಿ ಮೂಲದವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದರಲ್ಲ, ಆಗ ಕಲಾವಿದರು ಏನು ಮಾಡಿದರು?

ಶಾಲೆ ತೆರೆದರು. 1942ರಲ್ಲಿ ಸುಮಾರು 1,20,000 ಜನರನ್ನು, ಬಹುಪಾಲು ಅಮೆರಿಕದ ಪೌರರನ್ನೇ, ಮನೆಗಳಿಂದ ಎಬ್ಬಿಸಿ ಶಿಬಿರಗಳಿಗೆ ಒಯ್ದರು. ಬರ್ಕ್ಲಿಯಲ್ಲಿ ಪಾಠ ಹೇಳುತ್ತಿದ್ದ ಚಿಯೂರಾ ಒಬಾಟ ಹೋದ ಶಿಬಿರದಲ್ಲೆಲ್ಲ ಚಿತ್ರಶಾಲೆ ನಡೆಸಿದರು.

ರೂತ್ ಅಸಾವಾಗೆ ಆಗ 16. ಕುದುರೆ ರೇಸಿನ ಮೈದಾನದ ಲಾಯದಲ್ಲಿ ಅವಳ ಕುಟುಂಬಕ್ಕೆ ವಾಸ. ಅಲ್ಲೇ ಬಂಧಿಗಳಾಗಿದ್ದ ಡಿಸ್ನಿಯ ಚಿತ್ರಕಾರರಿಂದ ಅವಳು ರೇಖೆ ಎಳೆಯಲು ಕಲಿತಳು. ಯುದ್ಧ ಮುಗಿದ ಮೇಲೂ ಜಪಾನಿ ಎಂಬ ಕಾರಣಕ್ಕೆ ಶಿಕ್ಷಕಿಯಾಗುವ ಬಾಗಿಲು ಮುಚ್ಚಿತ್ತು. 1947ರಲ್ಲಿ ಮೆಕ್ಸಿಕೊದ ಟೊಲುಕಾದಲ್ಲಿ ಮೊಟ್ಟೆ ತುಂಬಿಡುವ ತಂತಿ ಬುಟ್ಟಿ ಹೆಣೆಯುವುದನ್ನು ನೋಡಿ ಕಲಿತುಕೊಂಡಳು. ಅದರಿಂದ ಹುಟ್ಟಿದ ಶಿಲ್ಪಗಳು ಸೂರಿನಿಂದ ತೂಗುತ್ತವೆ: ಒಂದು ತಂತಿ ಗುಂಡಗೆ ಉಬ್ಬಿ, ಒಳಮಡಿಸಿ, ತನ್ನೊಳಗೇ ಇನ್ನೊಂದು ಆಕಾರ ಹೆಣೆದುಕೊಳ್ಳುತ್ತದೆ. ಎಲ್ಲವೂ ಪಾರದರ್ಶಕ. ಗೋಡೆಯ ಮೇಲೆ ಬೀಳುವ ನೆರಳೂ ಶಿಲ್ಪದ ಭಾಗವೇ.

ಶಿಬಿರಗಳ ಚಿತ್ರ ತೆಗೆಯಲು ಸರ್ಕಾರವೇ ನೇಮಿಸಿದ್ದ ಡೊರೊಥಿಯಾ ಲ್ಯಾಂಗ್‌ರ ಛಾಯಾಚಿತ್ರಗಳನ್ನು ಸೇನೆ ಯುದ್ಧ ಮುಗಿಯುವವರೆಗೂ ಮುಟ್ಟುಗೋಲು ಹಾಕಿಟ್ಟಿತು. ಅಷ್ಟು ಸತ್ಯ ಅವುಗಳಲ್ಲಿತ್ತು.

## ಇನ್ನೂ ಆಳಕ್ಕೆ

ಸರ್ಕಾರ ಕಲಾವಿದರಿಗೆ ಸಂಬಳ ಕೊಟ್ಟಿತ್ತು ಎಂದು ಓದಿದೆ. ಅದರಿಂದ ಏನಾದರೂ ಆಯಿತೇ?

ಆಯಿತು. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1935ರಿಂದ 1943ರವರೆಗೆ, ಫೆಡರಲ್ ಆರ್ಟ್ ಪ್ರಾಜೆಕ್ಟ್ ಕಲಾವಿದರಿಗೆ ವಾರಕ್ಕೆ 23 ಡಾಲರಿನ ಆಸುಪಾಸು ಕೊಡುತ್ತಿತ್ತು. ಲಾರೆನ್ಸ್, ಮುಂದೆ ಅಮೂರ್ತ ಚಿತ್ರಗಳಿಗೆ ಹೆಸರಾದ ರಾತ್ಕೊ, ಪೊಲಾಕ್ ಎಲ್ಲರೂ ಆ ಸಂಬಳದಲ್ಲಿ ಬಣ್ಣ ಕೊಂಡವರೇ. ರಾಟರ್‌ಡ್ಯಾಮ್‌ನಿಂದ 1926ರಲ್ಲಿ ಹಡಗಿನಲ್ಲಿ ಅಡಗಿಕೊಂಡು ಬಂದಿದ್ದ ಚಿತ್ರಕಾರ ಡಿ ಕೂನಿಂಗ್‌ಗೆ ಪೌರತ್ವವಿರಲಿಲ್ಲ; ಹಾಗಾಗಿ ಅವನು ಬಿಡಬೇಕಾಯಿತು.

ಅಮೂರ್ತ ಚಿತ್ರದಲ್ಲಿ ಸಮಾಜ ಎಲ್ಲಿ ಕಾಣುತ್ತದೆ? ಬರೀ ಬಣ್ಣ ತಾನೇ?

ಆಲ್ಮಾ ಥಾಮಸ್ ಅವರ ಚಿತ್ರಗಳಲ್ಲಿ ಇರುವುದು ಬರೀ ಬಣ್ಣದ ಸಣ್ಣ ಸಣ್ಣ ತುಂಡುಗಳು, ಸಾಲಾಗಿ, ವೃತ್ತವಾಗಿ. ಜಾರ್ಜಿಯಾದ ಕೊಲಂಬಸ್‌ನಲ್ಲಿ ಅವರ ಬಾಲ್ಯದಲ್ಲಿ ಕಪ್ಪು ಮಕ್ಕಳಿಗೆ ಮ್ಯೂಸಿಯಂ ಪ್ರವೇಶವಿರಲಿಲ್ಲ. ವಾಷಿಂಗ್ಟನ್ನಿನ ಶಾಲೆಯಲ್ಲಿ ಜೀವಮಾನವಿಡೀ ಚಿತ್ರಕಲೆ ಕಲಿಸಿ, ನಿವೃತ್ತಿಯ ನಂತರ ಈ ಶೈಲಿ ಕಂಡುಕೊಂಡರು. 1972ರಲ್ಲಿ, 80ರ ವಯಸ್ಸಿನಲ್ಲಿ, ವಿಟ್ನಿಯಲ್ಲಿ ಏಕವ್ಯಕ್ತಿ ಪ್ರದರ್ಶನ ಪಡೆದ ಮೊದಲ ಕಪ್ಪು ಮಹಿಳೆಯಾದರು. ಹೂವು, ಬೆಳಕು, ಚಂದ್ರನತ್ತ ಹೊರಟ ನೌಕೆಗಳನ್ನು ಚಿತ್ರಿಸುವ ಹಕ್ಕು ತನಗೂ ಇದೆ ಎಂದು ಅವರು ತೋರಿಸಿದರು. ನೋವನ್ನೇ ಬರೆಯಬೇಕೆಂಬ ಕಟ್ಟಳೆಯೂ ಒಂದು ಬೇಲಿಯೇ.

ಹಾಗಾದರೆ ಕಲಾವಿದ ತನ್ನ ಸಮುದಾಯದ ಬಗ್ಗೆಯೇ, ಅದರದೇ ಶೈಲಿಯಲ್ಲೇ ಬರೆಯಬೇಕು ಎಂಬುದು ತಪ್ಪೇ?

ಯಾರು ಆ ನಿಯಮ ಹಾಕುತ್ತಿದ್ದಾರೆ ಎಂದು ನೋಡಬೇಕು. ಡಕೋಟಾ ಬುಡಕಟ್ಟಿನ ಕಲಾವಿದ ಆಸ್ಕರ್ ಹೌ 1958ರಲ್ಲಿ ಓಕ್ಲಹೋಮಾದ ಮೂಲನಿವಾಸಿ ಕಲಾ ಸ್ಪರ್ಧೆಗೆ ಕಳಿಸಿದ ಚಿತ್ರವನ್ನು, ಇದು 'ಸಾಂಪ್ರದಾಯಿಕ ಇಂಡಿಯನ್ ಶೈಲಿ' ಅಲ್ಲ ಎಂದು ತಿರಸ್ಕರಿಸಿದರು. ನೃತ್ಯದ ಚಿತ್ರವದು; ಆಕೃತಿಗಳು ಚೂಪು ಕೋನಗಳಾಗಿ ಸಿಡಿಯುತ್ತವೆ. ಹೌ ಬರೆದ ಪ್ರತಿಭಟನೆಯ ಪತ್ರ ಹೆಸರಾಗಿದೆ. ನಮ್ಮನ್ನು ಮಕ್ಕಳಂತೆ ಕಂಡು, ಒಂದೇ ಬಗೆಯ ಮುದ್ದು ಚಿತ್ರಗಳಿಗೆ ಕಟ್ಟಿಹಾಕುವುದೇ ಎಂಬುದು ಅದರ ತಿರುಳು. ಮರುವರ್ಷಗಳಲ್ಲಿ ಸ್ಪರ್ಧೆಯ ನಿಯಮಗಳು ಸಡಿಲಾದವು. ಜಾನಪದ ಎಂದೊಡನೆ ಡೊಳ್ಳು, ವೀರಗಾಸೆಯನ್ನಷ್ಟೇ ಬಯಸುವ ನಾವೂ ಈ ಪತ್ರದ ವಿಷಯವನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು.

ಮ್ಯೂಸಿಯಂಗಳು ಈಗಲಾದರೂ ಬದಲಾಗಿವೆಯೇ?

ನಿಧಾನವಾಗಿ. 1969ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯ ಹಾರ್ಲೆಮ್ ಬಗ್ಗೆ ದೊಡ್ಡ ಪ್ರದರ್ಶನ ಮಾಡಿ, ಅದರಲ್ಲಿ ಹಾರ್ಲೆಮ್‌ನ ಒಬ್ಬ ಚಿತ್ರಕಾರನ, ಒಬ್ಬ ಶಿಲ್ಪಿಯ ಕೃತಿಯನ್ನೂ ಇಡಲಿಲ್ಲ. ಕಲಾವಿದರು ಫಲಕ ಹಿಡಿದು ಬಾಗಿಲಲ್ಲಿ ನಿಂತರು. ಅದಕ್ಕೂ ಮೊದಲು, 1939ರ ವಿಶ್ವಮೇಳಕ್ಕೆ ಆಗಸ್ಟಾ ಸ್ಯಾವೇಜ್ ಎಂಬ ಶಿಲ್ಪಿ ಹಾಡುವ ಕಪ್ಪು ಮಕ್ಕಳನ್ನೇ ತಂತಿಗಳಾಗಿಸಿ ಹಾರ್ಪ್ ಎಂಬ ತಂತಿವಾದ್ಯದ ಆಕಾರದ 16 ಅಡಿಯ ಶಿಲ್ಪ ಮಾಡಿದ್ದರು. ಕಂಚಿನಲ್ಲಿ ಎರಕ ಹೊಯ್ಯಲು ಹಣ ಹುಟ್ಟಲಿಲ್ಲ. ಮೇಳ ಮುಗಿದ ಮೇಲೆ ಅದನ್ನು ಒಡೆದರು. ಇಂದು ಉಳಿದಿರುವುದು ಛಾಯಾಚಿತ್ರಗಳು ಮತ್ತು ಮೇಳದಲ್ಲಿ ಮಾರಿದ ಚಿಕ್ಕ ಪ್ರತಿಗಳು.

2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಮೆರಿಕದ 18 ದೊಡ್ಡ ಸಂಗ್ರಹಾಲಯಗಳನ್ನು ಲೆಕ್ಕ ಹಾಕಿತು: ಅಲ್ಲಿನ ಕಲಾವಿದರಲ್ಲಿ ಶೇ 85 ಬಿಳಿಯರು, ಶೇ 87 ಗಂಡಸರು.

ಅಮೆರಿಕದಲ್ಲಿರುವ ಮಗನ ಮನೆಗೆ ಹೋಗುತ್ತಿದ್ದೇವೆ. ಇವುಗಳಲ್ಲಿ ಯಾವುದನ್ನು ನೋಡಿ ಬರಬಹುದು?

ವಾಷಿಂಗ್ಟನ್ನಿಗೆ ಹೋದರೆ ಅರ್ಧ ಕೆಲಸ ಆದಂತೆ. ಅಲ್ಲಿನ ಸ್ಮಿತ್ಸೋನಿಯನ್ ಸಂಗ್ರಹಾಲಯಗಳಿಗೂ ರಾಷ್ಟ್ರೀಯ ಕಲಾ ಗ್ಯಾಲರಿಗೂ ಶುಲ್ಕವಿಲ್ಲ. ಲಾರೆನ್ಸ್‌ನ ಚಿತ್ರಗಳು ಎಲ್ಲ ಕಾಲದಲ್ಲೂ ಗೋಡೆಯ ಮೇಲಿರುವುದಿಲ್ಲ, ಮೊದಲೇ ವಿಚಾರಿಸಿ ಹೋಗಿ. ಜೂಡಿ ಬಾಕಾರ ಕಾಲುವೆಯ ಚಿತ್ರವನ್ನು ದಡದ ದಾರಿಯಲ್ಲಿ ನಡೆಯುತ್ತಲೇ ನೋಡಬಹುದು.

ವಿಯೆಟ್ನಾಂ ಸ್ಮಾರಕ ಹಗಲು ರಾತ್ರಿ ತೆರೆದಿರುತ್ತದೆ. ಬೆಳಿಗ್ಗೆ ಬೇಗ ಹೋಗಿ, ಆಗ ಜನ ಕಡಿಮೆ. ಹೆಸರಿನ ಮೇಲೆ ಕಾಗದ ಒತ್ತಿಹಿಡಿದು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳುವ ಮುದುಕರು ಸಿಗುತ್ತಾರೆ. ಅವರಿಗೆ ದಾರಿ ಬಿಟ್ಟು ನಿಲ್ಲಿ. ಅವರು ಹೋದ ಮೇಲೆ ನೀವೂ ಕಲ್ಲನ್ನು ಮುಟ್ಟಬಹುದು, ಯಾರೂ ತಡೆಯುವುದಿಲ್ಲ.